ಗುಡುಗು ಸಿಡಿಲು ಕಲಿಸೋಕೆ ಯಾವ ಸಾಫ್ಟ್‌ವೇರ್? ನಾಲ್ಕು, ಐದನೇ ಕ್ಲಾಸಿನವರಿಗೆ

ಹಾವೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ಕ್ಲಾಸಿಗೆ ಪರಿಸರ ಅಧ್ಯಯನ ಹೇಳಿಕೊಡ್ತೇನೆ. ಊರಿನ ಹಳೇ ವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ಸ್ಮಾರ್ಟ್ ಟಿವಿ, ಎರಡು ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಹವಾಮಾನದ ಪಾಠಕ್ಕೆ ಅದನ್ನು ಬಳಸೋಣ ಅಂತ ಹುಡುಕಿದೆ. ಸಿಕ್ಕಿದ್ದೆಲ್ಲ ಹಿಮಗಾಳಿ, ಟಾರ್ನೆಡೋ. ಎರಡು ತೋರಿಸಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಒಬ್ಬ ಕೇಳಿದ, "ಟೀಚರ್, ಇದು ನಮ್ಮೂರಿಗೆ ಯಾವಾಗ ಬರುತ್ತೆ?"

ನಮ್ಮೂರಿಗೆ ಬರೋದು ಸಿಡಿಲು, ಆಲಿಕಲ್ಲು, ಒಮ್ಮೊಮ್ಮೆ ಹಳ್ಳದ ನೆರೆ. ಅದನ್ನು ಕಲಿಸೋ ಸಾಫ್ಟ್‌ವೇರ್ ಏನಾದರೂ ಇದೆಯಾ? ದುಡ್ಡು ಕೊಡೋ ಹಾಗಿರಬಾರದು. ಇಂಟರ್‌ನೆಟ್ ಇಲ್ಲದೆಯೂ ನಡೀಬೇಕು. ಕನ್ನಡದಲ್ಲಿದ್ದರೆ ಪುಣ್ಯ.

ಕೋಡ್ ಮಾಡುವವ, ಬೆಂಗಳೂರು

ಟೀಚರ್, ಮೂರ್ನಾಲ್ಕು ಹೆಸರು ಹೇಳ್ತೀನಿ, ನೋಡಿ.

ಮೊದಲನೇದು ಫೆಟ್. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2002ರಿಂದ ಮಾಡ್ತಾ ಬಂದಿರೋ ವಿಜ್ಞಾನದ ಸಿಮ್ಯುಲೇಷನ್‌ಗಳು. ಪೂರ್ತಿ ಉಚಿತ. ಒಂದೊಂದನ್ನೂ ಒಂದೇ ಫೈಲಾಗಿ ಇಳಿಸಿಕೊಳ್ಳಬಹುದು, ಆಮೇಲೆ ನೆಟ್ ಬೇಕಿಲ್ಲ. ಹಲವು ಕನ್ನಡದಲ್ಲೂ ಇವೆ. ಬಲೂನನ್ನು ಸ್ವೆಟರ್‌ಗೆ ಉಜ್ಜಿದರೆ ಚಾರ್ಜ್ ಹೇಗೆ ಅಂಟಿಕೊಳ್ಳುತ್ತೆ ಅಂತ ಒಂದಿದೆ. ಇನ್ನೊಂದರಲ್ಲಿ ಒಬ್ಬ ಕಾರ್ಪೆಟ್ ಮೇಲೆ ಕಾಲು ಉಜ್ಜಿ ಬಾಗಿಲ ಹಿಡಿ ಮುಟ್ತಾನೆ, ಚಟ್ ಅಂತ ಕಿಡಿ ಹಾರುತ್ತೆ. ಸಿಡಿಲಿನ ಪಾಠಕ್ಕೆ ಇದಕ್ಕಿಂತ ಒಳ್ಳೆ ಶುರು ಇಲ್ಲ. ಮೋಡದೊಳಗೆ ಉಜ್ಜಾಡೋದು ಮಂಜಿನ ಹರಳು, ಪುಟ್ಟ ಆಲಿಕಲ್ಲು, ಅಷ್ಟೇ ವ್ಯತ್ಯಾಸ.

ಎರಡನೇದು ವಿಂಡಿ ಮತ್ತು ಅರ್ಥ್ ನಲ್‌ಸ್ಕೂಲ್. ಗಾಳಿ ಯಾವ ಕಡೆ ಬೀಸ್ತಿದೆ ಅಂತ ನಕ್ಷೆ ಮೇಲೆ ಓಡೋ ಗೆರೆಗಳಲ್ಲಿ ಕಾಣುತ್ತೆ. ನೆಟ್ ಬೇಕು.

ಮೂರನೇದು ವಿಶ್ವಸಂಸ್ಥೆಯ ವಿಕೋಪ ತಡೆ ವಿಭಾಗದ ಸ್ಟಾಪ್ ಡಿಸಾಸ್ಟರ್ಸ್ ಅನ್ನೋ ಆಟ. ಒಂದು ಊರು, ಒಂದಿಷ್ಟು ದುಡ್ಡು, ಒಂದಿಷ್ಟು ಸಮಯ ಕೊಡ್ತಾರೆ. ಶಾಲೆ ಎಲ್ಲಿ ಕಟ್ಟಬೇಕು, ತಡೆಗೋಡೆ ಎಲ್ಲಿ, ಜನರಿಗೆ ಎಚ್ಚರಿಕೆ ಹೇಗೆ ಅಂತ ಮಕ್ಕಳೇ ತೀರ್ಮಾನ ಮಾಡಬೇಕು. ಆಮೇಲೆ ನೆರೆಯೋ ಚಂಡಮಾರುತವೋ ಬಂದು ಲೆಕ್ಕ ಚುಕ್ತಾ ಮಾಡುತ್ತೆ. ಕನ್ನಡ ಇಲ್ಲ. ಐದನೇ ಕ್ಲಾಸಿಗೆ ನೀವು ಪಕ್ಕದಲ್ಲಿ ನಿಂತು ಹೇಳಬೇಕಾಗುತ್ತೆ.

ಒಂದು ಎಚ್ಚರಿಕೆ. ಹಳೇ ಪಟ್ಟಿಗಳಲ್ಲಿ ಸಿಗೋ ಎಷ್ಟೋ ಹವಾಮಾನ ಆಟಗಳು ಫ್ಲ್ಯಾಶ್‌ನಲ್ಲಿ ಮಾಡಿದವು. 2020ರ ಕೊನೆಗೆ ಫ್ಲ್ಯಾಶ್ ನಿಂತುಹೋಯ್ತು. ಲಿಂಕ್ ತೆರೆದರೆ ಖಾಲಿ ಪೆಟ್ಟಿಗೆ ಕಾಣುತ್ತೆ. ಅದರ ಹಿಂದೆ ಬಿದ್ದು ಸಮಯ ಹಾಳು ಮಾಡಬೇಡಿ.

ಕಡಲ ಬದಿ, ಉಡುಪಿ ಜಿಲ್ಲೆ

ನಾನೂ ಪ್ರಾಥಮಿಕ ಶಾಲೆ ಮೇಷ್ಟ್ರು. ನಲ್‌ಸ್ಕೂಲ್‌ನಲ್ಲಿ ಒಂದು ವಿಶೇಷ ಇದೆ. ದಿನಾಂಕ ಹಿಂದಕ್ಕೆ ಒಯ್ಯಬಹುದು. ನಾನು 2021ರ ಮೇ 15, 16ಕ್ಕೆ ಒಯ್ದು ತೋರಿಸ್ತೇನೆ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಸಮಾನಾಂತರವಾಗಿ ಮೇಲಕ್ಕೆ ಹೋಗೋದು ಗಿರಗಿರ ಕಾಣುತ್ತದೆ. 17ರ ರಾತ್ರಿ ಗುಜರಾತ್ ಸೇರಿತು. ನಮ್ಮ ನೆಲ ಹತ್ತಲೇ ಇಲ್ಲ. ಆದರೂ ಉಳ್ಳಾಲ, ಪಡುಬಿದ್ರಿ ಕಡೆ ಕಡಲು ದಂಡೆ ಕೊರೆಯಿತು. "ಚಂಡಮಾರುತ ನಮ್ಮೂರಿಗೆ ಬರಲೇ ಇಲ್ಲ, ಆದ್ರೆ ನಮ್ಮ ಅಜ್ಜನ ತೆಂಗಿನ ಮರ ಯಾಕೆ ಹೋಯ್ತು?" ಅಂತ ಒಬ್ಬಳು ಕೇಳಿದಳು. ಆ ಪ್ರಶ್ನೆಗೆ ಉತ್ತರ ನಕ್ಷೆಯಲ್ಲೇ ಇತ್ತು. ಸುಳಿಯ ಅಗಲ ನೋಡಿದರೆ ಸಾಕು.

ಹೆಸರು ಇಡೋ ಪದ್ಧತಿಯೂ ಮಕ್ಕಳಿಗೆ ಭಾರಿ ಇಷ್ಟ. ಉತ್ತರ ಹಿಂದೂ ಮಹಾಸಾಗರದ ಸುತ್ತಲಿನ 13 ದೇಶಗಳು ಸರದಿ ಪ್ರಕಾರ ಹೆಸರು ಕೊಡ್ತವೆ. ತೌಕ್ತೆ ಮ್ಯಾನ್ಮಾರ್ ಕೊಟ್ಟದ್ದು, ಹಲ್ಲಿ ಜಾತಿಯ ಒಂದು ಪ್ರಾಣಿಯ ಹೆಸರು. ಗತಿ, ತೇಜ್ ನಮ್ಮ ದೇಶ ಕೊಟ್ಟವು. ಮುಂದಿನ ಪಟ್ಟಿಗೆ ಹೆಸರು ಸೂಚಿಸಿ ಅಂದರೆ ಇಡೀ ಕ್ಲಾಸು ಗಲಾಟೆ. ನಮ್ಮಲ್ಲಿ ಗೆದ್ದದ್ದು 'ಬೊಂಡಾಸ್', ಅಂದರೆ ಸ್ಕ್ವಿಡ್.

ಡೋಣಿ ದಂಡಿ, ವಿಜಯಪುರ

ಮೇಷ್ಟ್ರೇ, ಚಂಡಮಾರುತ ನಿಮಗೆ ಸರಿ. ನಮ್ಮ ಕಡೆ ಮಕ್ಕಳು ಸಮುದ್ರನೇ ನೋಡಿಲ್ಲ. ನಮ್ಮಲ್ಲಿ ಜೀವ ತೆಗೆಯೋದು ಸಿಡಿಲು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂಗ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಪ್ರಕೃತಿ ವಿಕೋಪದಲ್ಲಿ ಸತ್ತವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ. ನೆರೆ, ಚಂಡಮಾರುತ, ಬಿಸಿಗಾಳಿ ಯಾವುದೂ ಇದರ ಹತ್ತಿರ ಬರೋದಿಲ್ಲ. ಆದರೆ ಒಮ್ಮೆಗೇ ನೂರು ಜನ ಸಾಯೋದಿಲ್ಲವಲ್ಲ. ಇಲ್ಲೊಬ್ಬ ಕುರಿ ಕಾಯೋನು, ಅಲ್ಲೊಬ್ಬಳು ಹೊಲದಾಗಿನ ಹೆಣ್ಣುಮಗಳು. ಪೇಪರ್‌ನಲ್ಲಿ ನಾಲ್ಕು ಸಾಲು ಬಂದು ಮುಗೀತು.

ಇನ್ನೊಂದು ಮಾತು. ನಮ್ಮ ಸಿಡಿಲಿನ ಕಾಲ ಏಪ್ರಿಲ್, ಮೇ. ಆವಾಗ ಶಾಲೆ ರಜೆ. ಮಕ್ಕಳು ಆಡು, ಎಮ್ಮೆ ಹೊಡ್ಕೊಂಡು ಅಡವಿಯಾಗ ಇರ್ತಾರೆ. ನೀವು ಜೂನ್ ತಿಂಗಳಲ್ಲಿ ಪಾಠ ಮಾಡಿದರೆ ಏನು ಬಂತು? ಯಾವ ಸಾಫ್ಟ್‌ವೇರ್ ಆದರೂ ಇರಲಿ, ಮಾರ್ಚ್‌ನಾಗ ಮಾಡಿ ಮುಗಿಸ್ರಿ.

ಹಾವೇರಿ ಟೀಚರ್

ಅಣ್ಣಾ, ಈ ರಜೆಯ ಮಾತು ಪಾಠದ ಪುಸ್ತಕದಲ್ಲೂ ಇಲ್ಲ, ನನ್ನ ವಾರ್ಷಿಕ ಯೋಜನೆಯಲ್ಲೂ ಇಲ್ಲ. ನಮ್ಮ ಹವಾಮಾನದ ಘಟಕ ಬರೋದು ಮಳೆಗಾಲ ಮುಗಿದ ಮೇಲೆ. ಅದನ್ನು ಮಾರ್ಚ್‌ಗೆ ಇನ್ನೊಮ್ಮೆ ಎಳೆಯಬೇಕು. ಸಿಡಿಲು ಎಲ್ಲಿ ಬೀಳ್ತಿದೆ ಅಂತ ತೋರಿಸೋ ದಾಮಿನಿ ಆ್ಯಪ್ ಮಕ್ಕಳಿಗೆ ತೋರಿಸಬಹುದಾ? ಯಾರಾದರೂ ಬಳಸಿದ್ದೀರಾ?

ಮಳೆ ಲೆಕ್ಕ, ತೀರ್ಥಹಳ್ಳಿ

ನಾನು ಟೀಚರ್ ಅಲ್ಲ, ಹವಾಮಾನದ ಹುಚ್ಚು ಇರೋ ಅಡಿಕೆ ಬೆಳೆಗಾರ. ದಾಮಿನಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರದ್ದು. ದೇಶದ ತುಂಬ ಇಟ್ಟಿರೋ ಸೆನ್ಸರ್‌ಗಳು ಮಿಂಚು ಬಿದ್ದ ಜಾಗ ಹಿಡಿಯುತ್ತವೆ. ನೀವಿರೋ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ವೃತ್ತದಲ್ಲಿ ಅದನ್ನು ತೋರಿಸುತ್ತೆ. ಈಗಷ್ಟೇ ಬಿದ್ದದ್ದು, ಐದು ನಿಮಿಷ ಹಿಂದಿನದು, ಹತ್ತು ನಿಮಿಷ ಹಿಂದಿನದು ಬೇರೆ ಬೇರೆ ಬಣ್ಣ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದವರು ಸಿಡಿಲು ಅಂತಲೇ ಒಂದು ಆ್ಯಪ್ ತಂದಿದ್ದರು.

ಕ್ಲಾಸಿನಲ್ಲಿ ಇದರ ಉಪಯೋಗ ಒಂದೇ. ಚುಕ್ಕೆಗಳು ಸಾಲಾಗಿ ಒಂದು ದಿಕ್ಕಿಗೆ ಸರಿಯೋದನ್ನು ತೋರಿಸೋದು. "ಹತ್ತು ನಿಮಿಷ ಹಿಂದೆ ಇಲ್ಲಿತ್ತು, ಈಗ ಇಲ್ಲಿದೆ. ಹಾಗಾದರೆ ಇನ್ನು ಹತ್ತು ನಿಮಿಷಕ್ಕೆ ಎಲ್ಲಿರುತ್ತೆ?" ಅಂತ ಕೇಳಿ. ಮಕ್ಕಳು ಕೈ ಬೆರಳಿಟ್ಟು ಸರಿಯಾಗಿಯೇ ತೋರಿಸ್ತಾರೆ. ಅದೇ ಮುನ್ಸೂಚನೆ. ರೇಡಾರ್ ನೋಡೋ ವಿಜ್ಞಾನಿ ಮಾಡೋದೂ ಮೂಲದಲ್ಲಿ ಅದನ್ನೇ.

ಆದರೆ ಆಡು ಕಾಯೋ ಹುಡುಗನ ಕೈಯಲ್ಲಿ ಫೋನ್ ಇರಲ್ಲ. ಇದ್ದರೂ ಸಿಗ್ನಲ್ ಇರಲ್ಲ. ನಮ್ಮ ಕಡೆ ಅಂತೂ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ರೂ ಮಲಗುತ್ತೆ. ಅಂದರೆ ಆ್ಯಪ್ ಬೇಕಾದ ಹೊತ್ತಿಗೇ ಇರಲ್ಲ. ಹಾಗಾಗಿ ಆ್ಯಪ್ ಕಲಿಸೋದು ಕಲಿಕೆ ಅಲ್ಲ. ಆ್ಯಪ್ ಇಲ್ಲದಾಗ ಏನು ಮಾಡಬೇಕು ಅನ್ನೋದನ್ನು ಸಾಫ್ಟ್‌ವೇರ್‌ನಿಂದ ಕಲಿಸಬೇಕು.

ನಿವೃತ್ತ ಶಿಕ್ಷಕಿ, ಸಾಗರ

ಆ್ಯಪ್ ಇಲ್ಲದಾಗ ನಮ್ಮ ಅಜ್ಜಿ ಏನು ಮಾಡ್ತಿದ್ದರು ಅಂದರೆ, ಮಿಂಚಿದ ಕೂಡಲೇ "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ" ಅಂತ ಹೇಳಿಸ್ತಿದ್ದರು. ಭಯ ಹೋಗಲಿ ಅಂತ. ಹತ್ತು ಹೆಸರು. ಹೆಸರಿಗೊಂದು ಸೆಕೆಂಡ್ ಅಂತ ನಿಧಾನವಾಗಿ ಹೇಳಿ ನೋಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಪಾರ್ಥ ಅನ್ನೋ ಹೊತ್ತಿಗೆ ಗುಡುಗಿದರೆ ಸಿಡಿಲು ಬಿದ್ದದ್ದು ಒಂದು ಕಿಲೋಮೀಟರ್ ಆಚೆ. ಧನಂಜಯ ಅನ್ನೋ ಹೊತ್ತಿಗೆ ಗುಡುಗಿದರೆ ಮೂರು ಕಿಲೋಮೀಟರ್ ಚಿಲ್ಲರೆ. ಮೂರು ಸುತ್ತು ಮುಗಿಯೋದರೊಳಗೆ ಗುಡುಗು ಕೇಳಿದರೆ ಹತ್ತು ಕಿಲೋಮೀಟರ್ ಒಳಗಿದೆ ಅಂತ ಅರ್ಥ. ಮೂವತ್ತು ಸೆಕೆಂಡಿನ ನಿಯಮ ಅಂತ ಈಗ ಹೇಳೋದೂ ಅದೇ ತಾನೆ?

ನಾನು ಸೇವೆಯಲ್ಲಿದ್ದಾಗ ಮಕ್ಕಳಿಗೆ ಹೀಗೇ ಎಣಿಸಲು ಹೇಳ್ತಿದ್ದೆ. ಕಂಪ್ಯೂಟರ್ ಇರಲಿಲ್ಲ.

ಓದುಗ 77

ಮೇಡಂ, ಸರ್ಕಾರಿ ಶಾಲೆಯಲ್ಲಿ ಎಲ್ಲ ಧರ್ಮದ ಮಕ್ಕಳೂ ಇರ್ತಾರೆ. ಅರ್ಜುನನ ಹೆಸರು ಯಾಕೆ? "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಿದರೂ ಒಂದೊಂದು ಸೆಕೆಂಡೇ ಆಗುತ್ತೆ.

ನಿವೃತ್ತ ಶಿಕ್ಷಕಿ, ಸಾಗರ

ಎಣಿಸಲಿ ಅಪ್ಪಾ, ಯಾರು ಬೇಡ ಅಂದರು. ನನ್ನ ಕ್ಲಾಸಿನ ಒಬ್ಬ ಹುಡುಗ ಕ್ರಿಕೆಟ್ ಟೀಮಿನ ಹನ್ನೊಂದು ಜನರ ಹೆಸರು ಹೇಳ್ತಿದ್ದ. ಲೆಕ್ಕ ಸರಿಯಾಗೇ ಬರ್ತಿತ್ತು.

ಕೋಡ್ ಮಾಡುವವ, ಬೆಂಗಳೂರು

ಇದು ಸ್ಕ್ರ್ಯಾಚ್‌ನಲ್ಲಿ ಮಾಡೋಕೆ ಹೇಳಿ ಮಾಡಿಸಿದ ಐಡಿಯಾ! ಸ್ಕ್ರ್ಯಾಚ್ ಅಂದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟ, ಮಕ್ಕಳು ಬಣ್ಣದ ತುಂಡು ಜೋಡಿಸಿ ಆಟ ಕಟ್ಟೋ ಸಾಫ್ಟ್‌ವೇರ್. ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಪಾತ್ರಗಳ ಮಾತನ್ನು ಕನ್ನಡದಲ್ಲಿ ಟೈಪ್ ಮಾಡಬಹುದು, ಮಕ್ಕಳ ದನಿಯನ್ನೇ ರೆಕಾರ್ಡ್ ಮಾಡಿ ಹಾಕಬಹುದು.

ಆಟ ಹೀಗೆ. ತೆರೆ ಮೇಲೆ ಹೊಲ, ಒಂದು ಹುಣಸೆ ಮರ, ದೂರದಲ್ಲಿ ಶಾಲೆ, ರಸ್ತೆಯಲ್ಲಿ ನಿಂತ ಬಸ್ಸು, ತಗಡಿನ ಶೆಡ್, ಮೇಯೋ ಎಮ್ಮೆ. ಮಿಂಚುತ್ತೆ. ಮಗು ಎಣಿಸುತ್ತೆ. ಗುಡುಗು ಕೇಳಿದ ಕೂಡಲೇ ಸ್ಪೇಸ್ ಒತ್ತಬೇಕು. ಎಷ್ಟು ದೂರ ಅಂತ ಮಗುವೇ ಮೂರರಿಂದ ಭಾಗಿಸಿ ಬರೆಯಬೇಕು. ಆಮೇಲೆ ಹುಡುಗಿಯ ಪಾತ್ರವನ್ನು ಎಳೆದು ಎಲ್ಲಿಗೆ ಕರೆದೊಯ್ಯಬೇಕು ಅಂತ ತೀರ್ಮಾನ. ಮರ, ಶೆಡ್, ಬಸ್ಸು, ಶಾಲೆ? ಮರದ ಕೆಳಗೆ ಒಯ್ದರೆ ಆಟ ನಿಲ್ಲುತ್ತೆ, ಯಾಕೆ ಅಂತ ಹುಡುಗಿಯೇ ಹೇಳ್ತಾಳೆ. ಭಾನುವಾರ ಕೂತು ಮಾಡ್ತೀನಿ.

ಮಳೆ ಲೆಕ್ಕ, ತೀರ್ಥಹಳ್ಳಿ

ತಮ್ಮಾ, ಎಮ್ಮೆಯನ್ನು ಬಿಡಬೇಡ, ಅದರಲ್ಲೇ ಪಾಠ ಇದೆ. ಮರಕ್ಕೆ ಸಿಡಿಲು ಬಿದ್ದರೆ ಕರೆಂಟ್ ನೆಲದಲ್ಲಿ ಸುತ್ತಲೂ ಹರಡುತ್ತೆ. ದೂರ ಹೋದಂತೆ ಕಡಿಮೆ. ದನದ ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ. ಹಾಗಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಎದೆಯ ಮೂಲಕವೇ ಕರೆಂಟ್ ಹಾಯುತ್ತೆ. ಮರದ ಕೆಳಗೆ ಸಾಲಾಗಿ ದನ ಸಾಯೋದು ಅದಕ್ಕೇ. ಸಿಡಿಲು ನೇರ ಅವುಗಳ ಮೇಲೆ ಬೀಳಬೇಕಂತಿಲ್ಲ. ಮಕ್ಕಳು ಇದನ್ನು ಕಣ್ಣಾರೆ ಕಂಡಿರ್ತಾರೆ, ಕಾರಣ ಮಾತ್ರ ಯಾರೂ ಹೇಳಿರಲ್ಲ.

ಎರಡು ಸುಳ್ಳನ್ನೂ ಆಟದಲ್ಲಿ ಒಡೆದುಹಾಕು. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತೆ ಅನ್ನೋದು ಒಂದು. ಹೊಡೆಯಲ್ಲ, ಮೈಯಲ್ಲಿ ಕರೆಂಟ್ ಉಳಿಯಲ್ಲ. ತಕ್ಷಣ ದೊಡ್ಡವರನ್ನು ಕೂಗಬೇಕು, ಎದೆ ಒತ್ತೋದು ಗೊತ್ತಿರೋರು ಶುರು ಮಾಡಬೇಕು. ಮೊಬೈಲ್ ಸಿಡಿಲನ್ನು ಎಳೆಯುತ್ತೆ ಅನ್ನೋದು ಇನ್ನೊಂದು. ಎಳೆಯಲ್ಲ. ಚಾರ್ಜಿಗೆ ಹಾಕಿ ಹಿಡಿದುಕೊಂಡರೆ ಮಾತ್ರ ಅಪಾಯ, ಅದು ತಂತಿಯಿಂದ ಬರೋದು.

ಹಾವೇರಿ ಟೀಚರ್

ಕೂತುಕೊಳ್ಳೋ ಭಂಗಿ ಹಾಕ್ತೀರಾ ಸರ್? ಕಾಲು ಜೋಡಿಸಿ, ಕುಕ್ಕರಗಾಲಲ್ಲಿ ಕೂತು, ಕಿವಿ ಮುಚ್ಚೋದು. ತರಬೇತಿಯಲ್ಲಿ ನಮಗೆ ಅದನ್ನೇ ಹೇಳಿಕೊಟ್ಟದ್ದು.

ಮಳೆ ಲೆಕ್ಕ, ತೀರ್ಥಹಳ್ಳಿ

ಇಲ್ಲಿ ಸ್ವಲ್ಪ ಜಗಳ ಇದೆ. ನಮ್ಮಲ್ಲಿ ಈಗಲೂ ಹೇಳಿಕೊಡ್ತಾರೆ. ಅಮೆರಿಕದ ಹವಾಮಾನ ಸೇವೆ ಅದನ್ನು ಶಿಫಾರಸು ಮಾಡೋದನ್ನು ಬಹಳ ಹಿಂದೆಯೇ ಬಿಟ್ಟಿತು. ಕಾರಣ ಸರಳ. ಬಯಲಲ್ಲಿ ಕೂತರೂ ನಿಂತರೂ ಬಯಲೇ. ಕೂತರೆ ಬಚಾವ್ ಅಂತ ನಂಬಿ ಮಗು ಅಲ್ಲೇ ಕೂತುಬಿಟ್ಟರೆ ಹತ್ತಿರದ ಮನೆಗೆ ಓಡೋ ಸಮಯ ಹೋಗುತ್ತೆ. ನನ್ನ ಅಭಿಪ್ರಾಯ, ಆಟದಲ್ಲಿ ಅದಕ್ಕೆ ಅಂಕ ಕೊಡಬೇಡಿ. ಮನೆ, ಶಾಲೆ, ಮುಚ್ಚಿದ ಬಸ್ಸು ಯಾವುದೂ ಇಲ್ಲದಾಗ ಮಾತ್ರ ಆ ಆಯ್ಕೆ ಕಾಣಲಿ.

ಕಡಲ ಬದಿ, ಉಡುಪಿ ಜಿಲ್ಲೆ

ಒಪ್ಪಿದೆ. ಮೋಡ ಕಪ್ಪಾದಾಗಲೇ ಹೊರಡಬೇಕು, ಕಷ್ಟ ಆ ತೀರ್ಮಾನದಲ್ಲೇ ಇರೋದು. ನಮ್ಮ ಶಾಲೆಯಲ್ಲಿ ತೀರ್ಮಾನ ಕಲಿಸೋಕೆ ಒಂದು ಆಟ ಮಾಡಿಕೊಂಡಿದ್ದೇವೆ. ಹೆಸರು 'ಡಿಸಿ ಆಟ'. ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಮಳೆಗಾಲದಲ್ಲಿ ಸಂಜೆ ಆದರೆ ಮಕ್ಕಳಿಗೆ ಒಂದೇ ಜಪ: "ನಾಳೆ ಡಿಸಿ ರಜೆ ಕೊಡ್ತಾರಾ?"

ಬರೀ ಸ್ಪ್ರೆಡ್‌ಶೀಟ್, ಬೇರೆ ಏನೂ ಇಲ್ಲ. ಹಿಂದಿನ ಮಳೆಗಾಲದ ಒಂದೊಂದು ದಿನಕ್ಕೆ ಒಂದೊಂದು ಸಾಲು. ಹವಾಮಾನ ಇಲಾಖೆ ಹಿಂದಿನ ಸಂಜೆ ಕೊಟ್ಟ ಎಚ್ಚರಿಕೆಯ ಬಣ್ಣ, ಆವತ್ತು ಬಿದ್ದ ಮಳೆ ಎಷ್ಟು ಮಿಲಿಮೀಟರ್, ಹೊಳೆ ತುಂಬಿದೆಯಾ, ಊರಿನ ಕಾಲುಸಂಕ (ನಡೆದು ದಾಟೋ ಸಣ್ಣ ಸೇತುವೆ) ದಾಟಬಹುದಾ. ಒಂದು ಮಗು ಡಿಸಿ ಕುರ್ಚಿಯಲ್ಲಿ ಕೂತು "ರಜೆ" ಅಥವಾ "ಶಾಲೆ ಇದೆ" ಅನ್ನಬೇಕು. ಕಾರಣ ಹೇಳಬೇಕು. ಆಮೇಲೆ ಮರುದಿನದ ಸಾಲು ತೆರೆಯುತ್ತೇನೆ. ರಜೆ ಕೊಟ್ಟ ದಿನ ಬಿಸಿಲು ಬಂದರೆ ಉಳಿದ ಮಕ್ಕಳು ಅಪ್ಪ ಅಮ್ಮಂದಿರಾಗಿ ಬೈತಾರೆ. ರಜೆ ಕೊಡದೆ ಕಾಲುಸಂಕ ಮುಳುಗಿದರೆ ಇನ್ನೂ ಜೋರಾಗಿ ಬೈತಾರೆ.

ಮೊದಲ ದಿನ ಎಲ್ಲರೂ ಪ್ರತಿದಿನ ರಜೆ ಕೊಟ್ಟರು, ಬಿಡಿ. ಶನಿವಾರ ಪೂರ್ತಿ ದಿನ ಶಾಲೆ ಮಾಡಿ ಅದನ್ನು ತುಂಬಿಸಬೇಕು ಅಂತ ನಿಯಮ ಸೇರಿಸಿದ ಮೇಲೆ ದಾರಿಗೆ ಬಂದರು.

ಇದರಲ್ಲಿ ಅವರಿಗೆ ಹತ್ತಿದ ಒಂದು ವಿಷಯ: ಆರೆಂಜ್ ಅಂದರೆ ಮಳೆ ಬಂದೇ ಬರುತ್ತೆ ಅಂತಲ್ಲ, ತಯಾರಾಗಿರಿ ಅಂತ. ಹಳದಿ ಅಂದರೆ ಕಣ್ಣಿಟ್ಟಿರಿ. ಕೆಂಪು ಅಂದರೆ ಈಗಲೇ ಏನಾದರೂ ಮಾಡಿ. ಮಳೆಯ ಪ್ರಮಾಣಕ್ಕೆ ಬೇರೆ ಲೆಕ್ಕ ಇದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಹವಾಮಾನ ಇಲಾಖೆ ಸುಳ್ಳು ಹೇಳುತ್ತೆ ಅನ್ನೋ ಮಾತು ಮನೆಯಿಂದ ತಂದಿದ್ದ ಮಕ್ಕಳು, ತಾವೇ ಡಿಸಿ ಆದ ಮೇಲೆ ಆ ಮಾತು ಆಡೋದು ಕಡಿಮೆಯಾಯಿತು.

ಓಕ್ಲಹೋಮ ಕನ್ನಡತಿ

ಟಾರ್ನೆಡೋ ಬರೋ ಊರಿಂದಲೇ ಬರೀತಿದ್ದೀನಿ! ಮಗ ಇಲ್ಲಿ ಮೂರನೇ ಗ್ರೇಡ್. ಇಲ್ಲಿನ ಶಾಲೆಗಳಲ್ಲಿ ಟ್ಯಾಬ್ಲೆಟ್ ಆಟ, ಅನಿಮೇಷನ್ ಎಲ್ಲ ಇವೆ. ಆದರೆ ಮಕ್ಕಳ ತಲೆಯಲ್ಲಿ ಉಳಿಯೋದು ಎರಡೇ. ಒಂದು, ವಾಚ್‌ಗೂ ವಾರ್ನಿಂಗ್‌ಗೂ ಇರೋ ವ್ಯತ್ಯಾಸ. ವಾಚ್ ಅಂದರೆ ಸುಂಟರಗಾಳಿ ಏಳೋ ಹವೆ ಇದೆ ಅಂತ. ವಾರ್ನಿಂಗ್ ಅಂದರೆ ಕಂಡಿದೆ ಅಥವಾ ರೇಡಾರ್‌ನಲ್ಲಿ ಸಿಕ್ಕಿದೆ, ಈಗಲೇ ಒಳಗೆ ಹೋಗು ಅಂತ. ಇನ್ನೊಂದು, ನಕ್ಷೆಯಲ್ಲಿ ತಮ್ಮ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಪಕ್ಕದ ಕೌಂಟಿ ಗುರುತಿಸೋದು. ಟಿವಿಯವರು ಕೌಂಟಿ ಹೆಸರು ಹಿಡಿದು ಹೇಳ್ತಾರೆ. ನಮ್ಮದು ಯಾವುದು ಅಂತಲೇ ಗೊತ್ತಿಲ್ಲದಿದ್ದರೆ ಎಚ್ಚರಿಕೆ ಕೇಳಿ ಏನು ಉಪಯೋಗ?

ಓಕ್ಲಹೋಮ ಸಿಟಿಯಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಸೈರನ್ ಪರೀಕ್ಷೆ. ಮಗ ಕೂತಲ್ಲಿಂದಲೇ "ಟೆಸ್ಟ್ ಅಮ್ಮ" ಅಂತಾನೆ. ಬೇರೆ ಹೊತ್ತಲ್ಲಿ ಕೂಗಿದರೆ ಎದ್ದು ಶೂ ಹಾಕ್ಕೊಳ್ತಾನೆ. ಇದನ್ನು ಯಾವ ಆ್ಯಪ್ಪೂ ಕಲಿಸಿದ್ದಲ್ಲ, ಡ್ರಿಲ್ ಕಲಿಸಿದ್ದು. ಪಕ್ಕದ ಮೂರ್ ಅನ್ನೋ ಊರಲ್ಲಿ 2013ರ ಮೇ 20ರಂದು ಶಾಲೆ ನಡೀತಿರುವಾಗಲೇ ಟಾರ್ನೆಡೋ ಬಂತು. 24 ಜನ ಹೋದರು. ಪ್ಲಾಜಾ ಟವರ್ಸ್ ಅನ್ನೋ ಒಂದೇ ಪ್ರಾಥಮಿಕ ಶಾಲೆಯಲ್ಲಿ ಏಳು ಮಕ್ಕಳು. ಆ ಕಟ್ಟಡದಲ್ಲಿ ಗಟ್ಟಿಯಾದ ಆಶ್ರಯ ಕೋಣೆ ಇರಲಿಲ್ಲ. ಮಕ್ಕಳು ಕಲಿತದ್ದನ್ನೇ ಮಾಡಿದ್ದರು, ಗೋಡೆ ನಿಲ್ಲಲಿಲ್ಲ. ಹಾಗಾಗಿ ಟೀಚರ್, ಮಕ್ಕಳಿಗೆ "ಶಾಲೆಯೊಳಗೆ ಓಡಿ" ಅಂತ ಹೇಳೋ ಮುಂಚೆ ನಿಮ್ಮ ಶಾಲೆಗೆ ಮಿಂಚುವಾಹಕ ಇದೆಯಾ, ಚಾವಣಿ ಹೇಗಿದೆ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿ.

ಮಳೆ ಲೆಕ್ಕ, ತೀರ್ಥಹಳ್ಳಿ

ಅಕ್ಕ ಹೇಳಿದ ನಕ್ಷೆ ಮಾತು ನಮಗೂ ಒಪ್ಪುತ್ತೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಮಟ್ಟಕ್ಕೆ ಸ್ವಯಂಚಾಲಿತ ಮಳೆಮಾಪಕ ಇವೆ, ಆರು ಸಾವಿರಕ್ಕೂ ಜಾಸ್ತಿ. ಹೋಬಳಿವಾರು ಮಳೆ ವರದಿ ಬರುತ್ತೆ. ಆದರೆ ಎಷ್ಟು ಮಕ್ಕಳಿಗೆ ತಮ್ಮ ಹೋಬಳಿ ಯಾವುದು ಅಂತ ಗೊತ್ತು? ಒಂದು ಕೆಲಸ ಮಾಡಿ. ಬುಡದಿಂದ ಬಾಯಿವರೆಗೆ ಒಂದೇ ಅಗಲ ಇರೋ ಡಬ್ಬಿಯನ್ನು ಶಾಲೆ ಅಂಗಳದಲ್ಲಿಡಿ. ಬೆಳಿಗ್ಗೆ ಎಂಟೂವರೆಗೆ ಅಳೆದರೆ ಒಳ್ಳೇದು, ಇಲಾಖೆ ದಿನ ಎಣಿಸೋದು ಆಗಿನಿಂದ. ಪ್ರಾರ್ಥನೆ ಮುಂಚೆ ಒಬ್ಬ ಅಳೆಯಲಿ. ಸ್ಪ್ರೆಡ್‌ಶೀಟ್‌ನಲ್ಲಿ ನಮ್ಮ ಡಬ್ಬಿ ಒಂದು ಕಾಲಂ, ಪಂಚಾಯತಿ ಮಾಪಕ ಇನ್ನೊಂದು. ಎರಡೂ ಹೊಂದಲ್ಲ. ಯಾಕೆ ಹೊಂದಲ್ಲ ಅನ್ನೋದೇ ಎರಡು ಪೀರಿಯಡ್ ಚರ್ಚೆ ಆಗುತ್ತೆ.

ಮಡಿಕೇರಿ ಮಿಸ್

ನಾನು ಸ್ವಲ್ಪ ತಡೆದು ಹೇಳ್ತೀನಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದನ್ನು ಕಂಡ ಮನೆಗಳ ಮಕ್ಕಳು ನಮ್ಮಲ್ಲಿ ಓದಿದ್ದಾರೆ. ಹೊರಗಿನವರೊಬ್ಬರು ಬಂದು ಪ್ರೊಜೆಕ್ಟರ್‌ನಲ್ಲಿ ಗುಡ್ಡ ಕುಸಿಯೋ ಅನಿಮೇಷನ್ ಹಾಕಿದರು, ಶಬ್ದ ಸಮೇತ. ಒಂದು ಮಗು ಎದ್ದು ಹೊರಗೆ ಓಡಿತು. ಆಮೇಲೆ ಮಳೆ ಜೋರಾದಾಗಲೆಲ್ಲ ಅದರ ಕಣ್ಣು ಕಿಟಕಿ ಕಡೆಗೆ.

ಸಿಡಿಲಿನ ಆಟದಲ್ಲೂ ಇದನ್ನು ನೋಡಿಕೊಳ್ಳಿ. ಮರದ ಕೆಳಗೆ ಹೋದ ಹುಡುಗಿ ಸಾಯೋದನ್ನು ತೋರಿಸಬೇಡಿ. ಆ ಊರಲ್ಲಿ ಯಾರಾದರೂ ಸಿಡಿಲಿಗೆ ಹೋಗಿದ್ದರೆ? ಗುಡುಗಿನ ಶಬ್ದ ಕಡಿಮೆ ಮಾಡೋ ಗುಂಡಿ ಕೊಡಿ. ಮೊದಲು ಸಣ್ಣ ಶಬ್ದದಲ್ಲಿ ಶುರುವಾಗಲಿ. ಯಾವಾಗ ಶುರು ಅಂತ ಮಗುವೇ ಒತ್ತಲಿ, ಇದ್ದಕ್ಕಿದ್ದಂತೆ ಮಿಂಚೋದು ಬೇಡ.

ಡೋಣಿ ದಂಡಿ, ವಿಜಯಪುರ

ಮಿಸ್, ತಪ್ಪು ತಿಳೀಬ್ಯಾಡ್ರಿ. ಸ್ವಲ್ಪ ಹೆದರಿಕೆ ಇರಲೇಬೇಕು. ನಮ್ಮ ಹುಡುಗರು ಗುಡುಗಿದರೆ ನಗ್ತಾ ಮರದ ಕೆಳಗೆ ಓಡ್ತಾರೆ.

ಮಡಿಕೇರಿ ಮಿಸ್

ನಿಮ್ಮ ಮಾತು ನಿಮ್ಮ ಮಕ್ಕಳಿಗೆ ಸರಿ ಅಣ್ಣ. ನನ್ನ ಮಕ್ಕಳಿಗೆ ಹೆದರಿಕೆ ಬೇಕಾದಷ್ಟಿದೆ, ಅವರಿಗೆ ಬೇಕಾದ್ದು ಮಾಡೋಕೆ ಒಂದು ಕೆಲಸ. ನಾನು ತೋರಿಸೋದು ಗುಡ್ಡ ಬೀಳೋದನ್ನಲ್ಲ. ಬೀಳೋ ಮುಂಚಿನ ಗುರುತುಗಳನ್ನು: ಗುಡ್ಡದ ಬರೆಯಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾದ ತೋಡಿನ ನೀರು. ಫೋಟೋ ತೋರಿಸಿ ಗುರುತು ಎಲ್ಲಿದೆ ಹುಡುಕಿ ಅನ್ನೋದು. ಅದನ್ನು ಆಟ ಅಂತಲೇ ಆಡ್ತಾರೆ, ಮನೆಗೆ ಹೋಗಿ ಅಪ್ಪನಿಗೂ ತೋರಿಸ್ತಾರೆ.

ರಾಯಚೂರು ಸೆಕೆ

ಎಲ್ಲರೂ ನೀರು, ಸಿಡಿಲು ಅಂತೀರಿ. ನಮ್ಮ ಕಡೆ ಬಿಸಿಲೇ ವಿಕೋಪ. ಬಯಲು ಸೀಮೆಯಲ್ಲಿ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಆದರೆ ಬಿಸಿಗಾಳಿ ಅಂತ ಇಲಾಖೆ ಹೇಳುತ್ತೆ. ಮಕ್ಕಳು ಅದನ್ನು ವಿಕೋಪ ಅಂತ ಒಪ್ಪೋದೇ ಇಲ್ಲ, "ಇದು ದಿನಾ ಇರ್ತದಲ್ರೀ" ಅಂತಾರೆ. ಒಂದು ಥರ್ಮಾಮೀಟರ್ ತಗಡಿನ ಶೆಡ್ಡಿನಾಗ, ಒಂದು ಬೇವಿನ ಮರದ ನೆರಳಿನಾಗ ಇಟ್ಟು, ಗಂಟೆಗೊಮ್ಮೆ ಓದಿ ಸ್ಪ್ರೆಡ್‌ಶೀಟ್‌ನಲ್ಲಿ ಗ್ರಾಫ್ ಹಾಕಿಸಿ. ಎರಡು ಗೆರೆ ನಡುವಿನ ಅಂತರ ನೋಡಿದ ಮೇಲೆ ಬಿಸಿಯೂಟಕ್ಕೆ ಕೂರೋ ಜಾಗ ತಾವೇ ಬದಲಾಯಿಸಿಕೊಂಡರು.

ಓದುಗ 77

ಒಂದು ಸಣ್ಣ ವಿಷಯ. ಸಿಡಿಲಿನ ಪಾಠವನ್ನು ಪ್ಲಗ್ಗಿಗೆ ಹಾಕಿದ ಟಿವಿಯಲ್ಲಿ ಮಾಡುವಾಗ ನಿಜವಾಗಿ ಗುಡುಗಿದರೆ?

ಹಾವೇರಿ ಟೀಚರ್

ಮೋಡ ಕಪ್ಪಾದಾಗಲೇ, ಗುಡುಗೋ ಮುಂಚೆ ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಮುಂದುವರಿಸೋದು! ಅದನ್ನೂ ಮಕ್ಕಳ ಕೈಯಲ್ಲೇ ಹೇಳಿಸ್ತೀನಿ. ಆಂಟೆನಾ, ಕೇಬಲ್ ಕೂಡ ಆಗಲೇ ಬಿಚ್ಚಬೇಕು, ಗುಡುಗೋಕೆ ಶುರುವಾದ ಮೇಲೆ ಮುಟ್ಟಬಾರದು.

ನಾನು ಅಂದುಕೊಂಡದ್ದು ಹೀಗೆ. ಮೊದಲು ಫೆಟ್ ಬಲೂನು, ಅದರ ಜೊತೆ ನಿಜವಾದ ಬಲೂನೂ ತರ್ತೀನಿ. ಆಮೇಲೆ ಸ್ಕ್ರ್ಯಾಚ್ ಆಟ. ಎರಡು ಲ್ಯಾಪ್‌ಟಾಪ್‌ಗೆ ಗುಂಪು ಗುಂಪಾಗಿ ಕೂರಿಸಿ, ಉಳಿದವರು ಅಂಗಳದಲ್ಲಿ ಎಣಿಕೆ ಅಭ್ಯಾಸ. ಒಬ್ಬ ಆ ತುದಿಯಲ್ಲಿ ಕೆಂಪು ಬಟ್ಟೆ ಬೀಸ್ತಾನೆ, ಸ್ವಲ್ಪ ತಡೆದು ತಟ್ಟೆ ಬಡೀತಾನೆ. ಟಾರ್ನೆಡೋ ಕೇಳಿದ ಹುಡುಗನಿಗೆ ಡಿಸಿ ಕುರ್ಚಿ. ರಜೆಗೆ ಹೋಗೋ ಮುಂಚೆ ಪ್ರತಿ ಮಗು ತಾನು ದನ ಮೇಯಿಸೋ ಜಾಗದ ನಕ್ಷೆ ಬರೆದು, ಅಲ್ಲಿಂದ ಹತ್ತಿರದ ಗಟ್ಟಿ ಮನೆ ಯಾವುದು ಅಂತ ಗುರುತು ಹಾಕಬೇಕು. ಆ ನಕ್ಷೆಗೆ ಮನೆಯವರ ಸಹಿ.

ಡೋಣಿ ದಂಡಿ, ವಿಜಯಪುರ

ಸಹಿ ಹಾಕಿಸೋದು ಬಲೇ ಚಲೋ. ಅಪ್ಪಂದಿರೂ ಓದ್ತಾರೆ. ಓದು ಬರದಿದ್ದರೆ ಮಗನ ಕೈಲಿ ಹೇಳಿಸ್ಕೊಂತಾರೆ.

ನಲಿಕಲಿ ಅಕ್ಕ

ಒಂದು, ಎರಡನೇ ಕ್ಲಾಸಿನವರಿಗೆ ಏನಾದರೂ ಇದೆಯಾ? ನನ್ನ ಮಕ್ಕಳಿಗೆ ಇನ್ನೂ ಓದು ಸರಿಯಾಗಿ ಬರಲ್ಲ, ಸ್ಕ್ರ್ಯಾಚ್ ಕಷ್ಟ.

ಕೋಡ್ ಮಾಡುವವ, ಬೆಂಗಳೂರು

ಸ್ಕ್ರ್ಯಾಚ್ ಜೂನಿಯರ್ ಅಂತ ಬೇರೆ ಇದೆ ಅಕ್ಕ, ಐದರಿಂದ ಏಳು ವರ್ಷದವರಿಗೆ. ಓದೋದೇ ಬೇಡ, ಎಲ್ಲ ಚಿತ್ರದ ಗುಂಡಿ. ಟ್ಯಾಬ್ಲೆಟ್‌ನಲ್ಲಿ ಹಾಕಿಕೊಳ್ಳಬಹುದು, ಉಚಿತ. ಅದರಲ್ಲಿ ಲೆಕ್ಕ ಗಿಕ್ಕ ಬೇಡ. ಮೋಡ ಕಪ್ಪಾಗುತ್ತೆ, ಮಗು ಪಾತ್ರವನ್ನು ಮನೆಯೊಳಗೆ ಕರ್ಕೊಂಡು ಹೋಗುತ್ತೆ, ಅಷ್ಟೇ ಮಾಡಿಸಿ.

ಟೀಚರ್, ಆಟದ ಮೊದಲ ರೂಪ ಆಗಿದೆ. ಶಬ್ದದ ಗುಂಡಿ ಹಾಕಿದ್ದೀನಿ, ಹುಡುಗಿ ಸಾಯಲ್ಲ, ಎಮ್ಮೆ ಇದೆ. ಹುಡುಗಿಯ ದನಿಗೆ ಸದ್ಯಕ್ಕೆ ನನ್ನ ತಂಗಿ ಮಾತಾಡಿದ್ದಾಳೆ, ಅವಳದ್ದು ಬೆಂಗಳೂರು ಕನ್ನಡ. ನಿಮ್ಮ ಕ್ಲಾಸಿನ ಯಾರಾದರೂ ಹಾವೇರಿ ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದರೆ ಬದಲಾಯಿಸ್ತೀನಿ.

ಹಾವೇರಿ ಟೀಚರ್

ಸೋಮವಾರ ಕಳಿಸ್ತೀನಿ ಸರ್. ದನಿ ಕೊಡೋಕೆ ಈಗಲೇ ಆರು ಜನ ಕೈ ಎತ್ತಿದ್ದಾರೆ. ಎಮ್ಮೆಗೂ ದನಿ ಬೇಕಂತೆ.